ನಾಲ್ಕು ಕೋರಿನಲ್ಲೇ ಕಳೆದ ಹತ್ತು ವರ್ಷ

"ಲ್ಯಾಪ್‌ಟಾಪ್ ಈಗಲೇ ತಗೊಳ್ಳೋದಾ, ಹೊಸ ಚಿಪ್ ಬರೋವರೆಗೂ ಕಾಯೋದಾ?" ಮಕ್ಕಳನ್ನು ಇಂಜಿನಿಯರಿಂಗ್‌ಗೆ ಸೇರಿಸುವ ಹೊತ್ತಿಗೆ ಪುಣೆಯ ಕನ್ನಡಿಗ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಇದು. ಉತ್ತರ ಹೇಳಬೇಕಾದರೆ ಇಂಟೆಲ್ ಮತ್ತು ಎಎಂಡಿಗಳ ಜಿದ್ದಾಜಿದ್ದಿಯ ಕಥೆ ಸ್ವಲ್ಪ ಹೇಳಲೇಬೇಕು.

2000ದ ಮಾರ್ಚ್‌ನಲ್ಲಿ 1 ಗಿಗಾಹರ್ಟ್ಸ್ ಗಡಿಯನ್ನು ಮೊದಲು ಮುಟ್ಟಿದ್ದು ಎಎಂಡಿಯ ಅಥ್ಲಾನ್. ಇಂಟೆಲ್ ಎರಡೇ ದಿನ ಹಿಂದಿತ್ತು. ಆಮೇಲೆ ಇಂಟೆಲ್ ಗಿಗಾಹರ್ಟ್ಸ್ ಒಂದನ್ನೇ ಬೆನ್ನು ಹತ್ತಿತು. ಪೆಂಟಿಯಂ 4 ಕಾದ ಕಾವಲಿಯಾಯಿತು. ಅದರ 4 ಗಿಗಾಹರ್ಟ್ಸ್ ಮಾದರಿಯನ್ನು 2004ರಲ್ಲಿ ಕೈಬಿಡಬೇಕಾಯಿತು. ಅಷ್ಟರಲ್ಲಿ ಎಎಂಡಿ, ಹಳೆಯ 32 ಬಿಟ್ ತಂತ್ರಾಂಶವನ್ನೂ ಓಡಿಸಬಲ್ಲ 64 ಬಿಟ್ ಚಿಪ್ ತಂದಾಗಿತ್ತು. ಕೊನೆಗೆ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು.

2006ರಲ್ಲಿ ಕೋರ್ 2 ಡ್ಯುಯೊ ಬಂದಾಗ ಎಎಂಡಿ ಮಕಾಡೆ ಮಲಗಿತು. ನನಗೆ ಹೊಟ್ಟೆ ಉರಿಯುವುದು ಆಮೇಲಿನ ಕಾಲ ನೆನೆದರೆ. 2007ರ ಆರಂಭದಲ್ಲೇ ಇಂಟೆಲ್‌ನ ನಾಲ್ಕು ಕೋರಿನ ಡೆಸ್ಕ್‌ಟಾಪ್ ಚಿಪ್ ಸಿಗುತ್ತಿತ್ತು. ಹತ್ತು ವರ್ಷ ಬಿಟ್ಟು ಬಂದ ಐ7-7700ಕೆ ಚಿಪ್‌ನಲ್ಲೂ ನಾಲ್ಕೇ! ಒಂದೊಂದು ಕೋರಿನ ವೇಗ ಹೆಚ್ಚಿತ್ತು, ನಿಜ. ಆದರೆ ಎಂಟು ಬೇಕೆಂದವರು ಸಾವಿರ ಡಾಲರ್ ಮೀರಿ ತೆರಬೇಕಿತ್ತು.

2017ರ ಮಾರ್ಚ್‌ನಲ್ಲಿ ಎಎಂಡಿಯ ಎಂಟು ಕೋರಿನ ರೈಜನ್ 7 1800ಎಕ್ಸ್ 499 ಡಾಲರಿಗೆ ಬಂತು. ಅದೇ ಅಕ್ಟೋಬರ್‌ನಲ್ಲಿ ಇಂಟೆಲ್ ಆರು ಕೋರ್ ಕೊಟ್ಟಿತು. (ಚಿಪ್ ಏಳು ತಿಂಗಳಲ್ಲಿ ಹುಟ್ಟುವ ಕೂಸಲ್ಲ, ನಕ್ಷೆ ಮೊದಲೇ ಸಿದ್ಧವಿದ್ದಿರಬೇಕು ಎಂದೇ ನನ್ನ ಗುಮಾನಿ.) 2020ರಲ್ಲಿ ಆಪಲ್‌ನ ಎಂ1 ಬಂದು, ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ಇಬ್ಬರನ್ನೂ ಬೆಚ್ಚಿಬೀಳಿಸಿತು.

ಹಾಗಾಗಿ ಮುಂದಿನ ಚಿಪ್ "ಶೇಕಡಾ ಇಷ್ಟರವರೆಗೆ ವೇಗ" ಎಂಬ ಜಾಹೀರಾತು ಕಂಡರೆ ನಾನು ಮೊದಲು ನೋಡುವುದು ಆ "ವರೆಗೆ" ಎಂಬ ಪದವನ್ನು. ಯಾವ ತಂತ್ರಾಂಶದಲ್ಲಿ ಅಳೆದರು? ಎಷ್ಟು ವ್ಯಾಟ್ ಕುಡಿಸಿ? ಹೋಲಿಸಿದ್ದು ಹೋದ ವರ್ಷದ ಚಿಪ್ಪಿಗೋ, ನಾಲ್ಕು ವರ್ಷ ಹಿಂದಿನದಕ್ಕೋ? ತೆಳ್ಳನೆಯ ಲ್ಯಾಪ್‌ಟಾಪ್‌ನಲ್ಲಿ ಕೂತಾಗ ಅದೇ ಚಿಪ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಗೆಳೆಯರಿಗೆ ನಾನು ಹೇಳುವುದು ಇಷ್ಟು: ಚಿಪ್ ಹೋದ ವರ್ಷದ್ದಾದರೂ ಸರಿ, ರ‍್ಯಾಮ್ 16 ಜಿಬಿ ಇರಲಿ. ಮೊದಲು ಎರಡೂ ಕಂಪನಿಗಳ ಬೆಲೆ ವಿಚಾರಿಸಿ, ಆಮೇಲೆ ಅಂಗಡಿಯವನ ಹತ್ತಿರ ಚೌಕಾಸಿಗೆ ಕೂರಿ.