‘ಸ್ಟೋಗಿ’: ಒಂದು ಸ್ಥಳನಾಮದ ಆದಿಲೋಪ ಮತ್ತು ಅರ್ಥಸಂಕ್ರಮಣ

ಚುಟ್ಟಾವನ್ನು ಸೂಚಿಸುವ ಎರಡು ಇಂಗ್ಲಿಷ್ ಪದಗಳ ಚರಿತ್ರೆ ಪರಸ್ಪರ ಭಿನ್ನವಾಗಿದೆ. ‘ಚೆರೂಟ್’ ತಮಿಳಿನ ‘ಶುರುಟ್ಟು’ವಿನಿಂದ ಬಂದದ್ದು, ಕನ್ನಡದ ‘ಸುರುಟು’ ಧಾತುವನ್ನು ಬಲ್ಲವರಿಗೆ ಅದರ ಮೂಲಾರ್ಥ ಇಂದಿಗೂ ಸ್ಪಷ್ಟ. ಅಮೆರಿಕದ ಆಡುಮಾತಿನ ‘ಸ್ಟೋಗಿ’ ಹಾಗಲ್ಲ. ಅಗ್ಗದ ಉದ್ದನೆಯ ಚುಟ್ಟಾ ಎಂಬುದು ಅದರ ಇಂದಿನ ಅರ್ಥ. ದುಡಿಮೆಗಾರರ ಒರಟು ಬೂಟು ಎಂಬುದು ಬಹುತೇಕ ಬಳಕೆ ತಪ್ಪಿದ ಇನ್ನೊಂದು ಅರ್ಥ. ಎರಡರ ಮೂಲವೂ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸೀಮೆಯ ‘ಕಾನೆಸ್ಟೋಗ’ ಎಂಬ ಸ್ಥಳನಾಮ. ಈ ವ್ಯುತ್ಪತ್ತಿಯು ರೂಪದ ದೃಷ್ಟಿಯಿಂದ ದೃಢವಾಗಿದ್ದರೂ, ಅರ್ಥದ ಬಗೆಗಿನ ರೂಢ ವಿವರಣೆಯು ಎರಡು ಅರ್ಥಗಳಿಗೂ ಸಮನಾಗಿ ಹೊಂದುವುದಿಲ್ಲ ಎಂಬುದು ನಮ್ಮ ವಾದ.

ಮೊದಲು ರೂಪ. ‘ಕಾನೆಸ್ಟೋಗ’ದಲ್ಲಿ ಪ್ರಧಾನ ಬಲಾಘಾತವಿರುವುದು ‘ಸ್ಟೋ’ ಅಕ್ಷರದ ಮೇಲೆ. ‘ಕ್ಯಾರವಾನ್’ ಪದದಿಂದ ‘ವ್ಯಾನ್’ ಉಳಿದಂತೆ ಇಲ್ಲಿಯೂ ಆದಿಭಾಗ ಲೋಪವಾಗಿ ‘ಸ್ಟೋಗ’ ಉಳಿಯಿತು; ಈ ನಡುವಣ ರೂಪವೂ ದಾಖಲಾಗಿದೆ. ಕೊನೆಯ ಇಕಾರವನ್ನು ಅಲ್ಪಾರ್ಥಕ ಪ್ರತ್ಯಯವೆಂದು ಭಾವಿಸುವ ಅಗತ್ಯವಿಲ್ಲ. ‘ಆಪೆರ’ವನ್ನು ‘ಆಪ್ರಿ’ ಎಂದೂ ‘ಕ್ಯಾಲಿಫೋರ್ನಿಯ’ವನ್ನು ‘ಕ್ಯಾಲಿಫೋರ್ನಿ’ ಎಂದೂ ನುಡಿಯುವ ಅಮೆರಿಕದ ಗ್ರಾಮ್ಯ ಉಪಭಾಷೆಗಳಲ್ಲಿ ಪದಾಂತ್ಯದ ದುರ್ಬಲ ಸ್ವರವು ಇಕಾರವಾಗುವುದು ಪರಿಚಿತ ಧ್ವನಿವ್ಯತ್ಯಾಸ. ‘ಸ್ಟೋಗಿ’ಯನ್ನು ಇದೇ ವರ್ಗಕ್ಕೆ ಸೇರಿಸಬಹುದು.

ಇನ್ನು ಅರ್ಥ. 18ನೆಯ ಶತಮಾನದಿಂದ ಫಿಲಡೆಲ್ಫಿಯಕ್ಕೆ ಸರಕು ಸಾಗಿಸುತ್ತಿದ್ದ, ನಾಲ್ಕರಿಂದ ಆರು ಕುದುರೆಗಳು ಎಳೆಯುತ್ತಿದ್ದ ಭಾರೀ ಬಂಡಿಗಳಿಗೆ ಕಾನೆಸ್ಟೋಗ ಬಂಡಿಗಳೆಂದೇ ಹೆಸರು. ಅವುಗಳ ಚಾಲಕರು ಬಳಸುತ್ತಿದ್ದುದರಿಂದ ಬೂಟಿಗೂ ಚುಟ್ಟಾಕ್ಕೂ ಈ ಹೆಸರು ಬಂದಿತೆಂಬುದು ರೂಢ ವಿವರಣೆ. ಚಾಲಕರು ಎಷ್ಟೋ ವೇಳೆ ಬಂಡಿಯ ಪಕ್ಕದಲ್ಲಿ ನಡೆದೇ ಸಾಗುತ್ತಿದ್ದುದರಿಂದ ಬೂಟಿನ ಮಟ್ಟಿಗೆ ಇದು ಸಹಜ. ಆ ಅರ್ಥವು 1840ರ ದಶಕದಲ್ಲೇ ಮುದ್ರಣದಲ್ಲಿ ಕಾಣಿಸುತ್ತದೆ. ಚುಟ್ಟಾದ ಅರ್ಥವಾದರೋ ದಾಖಲಾಗುವುದು ಸುಮಾರು 1870ರ ಹೊತ್ತಿಗೆ. ಅಷ್ಟರಲ್ಲಿ ರೈಲು ಆ ಬಂಡಿಗಳ ಕಾಲವನ್ನು ಮುಗಿಸಿತ್ತು. ಆಡುಮಾತಿನ ಪದಗಳು ಮುದ್ರಣಕ್ಕೆ ತಡವಾಗಿ ಬರುತ್ತವೆಂಬುದು ನಿಜವೇ. ಆದರೆ ಲ್ಯಾಂಕಾಸ್ಟರ್ ಸ್ವತಃ ಹೊಗೆಸೊಪ್ಪು ಬೆಳೆಯುವ ಸೀಮೆ. ಆದುದರಿಂದ ಚಾಲಕರ ಮಧ್ಯಸ್ಥಿಕೆಯಿಲ್ಲದೆ, ಊರ ಹೆಸರು ಅಲ್ಲಿನ ಸರಕಿಗೆ ನೇರವಾಗಿ ಲಕ್ಷಣೆಯಿಂದ ಸಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಹಾಗಾದಲ್ಲಿ ‘ಸ್ಟೋಗಿ’ಯನ್ನು ಒಂದೇ ಪದದ ನಾನಾರ್ಥವೆನ್ನುವ ಬದಲು ಒಂದೇ ಮೂಲದ ಎರಡು ಸಮಾಂತರ ಕವಲುಗಳೆನ್ನಬೇಕಾಗುತ್ತದೆ.

ನಿಘಂಟುಗಳ ವಿವರಣೆ ಸಾಮಾನ್ಯವಾಗಿ ಬಂಡಿಯ ಬಳಿಗೇ ನಿಲ್ಲುತ್ತದೆ. ಆದರೆ ‘ಕಾನೆಸ್ಟೋಗ’ ಅದಕ್ಕೂ ಮೊದಲು ಸಸ್ಕ್ವೆಹ್ಯಾನಕ್ ಜನರ ಊರಿಗೂ, ಅಲ್ಲಿ ಉಳಿದಿದ್ದ ಆ ಜನರಿಗೂ ಇದ್ದ ಹೆಸರು. ಇರೋಕ್ವೊಯನ್ ಮೂಲದ ಈ ಹೆಸರಿನಲ್ಲಿ ‘ಕಂಬ’ ಎಂಬರ್ಥದ ಧಾತುವಿದೆಯೆಂದು ವಿವರಿಸುವುದುಂಟು. ಅದು ಸರಿಯಾದಲ್ಲಿ ಇಂಗ್ಲಿಷಿನ ಬಲಾಘಾತವು ಪದವನ್ನು ಕತ್ತರಿಸಿರುವುದು ಆ ಧಾತುವಿನ ನಡುವೆಯೇ. 1763ರ ಡಿಸೆಂಬರ್‌ನಲ್ಲಿ ಪ್ಯಾಕ್ಸ್‌ಟನ್ ವಲಸೆಗಾರರ ಗುಂಪು ಆ ಸಮುದಾಯದ ಇಪ್ಪತ್ತು ಮಂದಿಯನ್ನು ಎರಡು ದಾಳಿಗಳಲ್ಲಿ ಕೊಂದಿತು. ಅವರ ಭಾಷೆಯಿಂದ ನಮಗೆ ಮುಖ್ಯವಾಗಿ ಉಳಿದಿರುವುದು ಸ್ವೀಡನ್ನಿನ ಪಾದ್ರಿ ಕಂಪೇನಿಯಸ್ 1640ರ ದಶಕದಲ್ಲಿ ಬರೆದುಕೊಂಡ ಕಿರುಪದಪಟ್ಟಿ. ಜನ, ಊರು, ಬಂಡಿ, ಅಗ್ಗದ ಸರಕು ಎಂದು ಇಳಿದುಬಂದ ಈ ಸರಣಿಯಲ್ಲಿ ಆದಿಲೋಪವು ಪದದ ಮೊದಲ ಅಕ್ಷರಗಳೊಡನೆ ಮೂಲದ ಗುರುತನ್ನೂ ಅಳಿಸಿದೆ. ಆ ಗುರುತನ್ನು ನಮೂದಿಸದ ವ್ಯುತ್ಪತ್ತಿಯನ್ನು ನಾವು ಅಪೂರ್ಣವೆಂದೇ ಪರಿಗಣಿಸುತ್ತೇವೆ.