ಗುಳಿಗೆಯನ್ನು ಥಟ್ಟನೆ ಬಿಡಬಾರದೇಕೆ?

“ರಕ್ತದ ಒತ್ತಡ ಇಳಿಯಿತು, ಎದೆನೋವೂ ಇಲ್ಲ, ಇನ್ನು ಗುಳಿಗೆಯೇಕೆ?” ಎನ್ನುವ ಹಿರಿಯರನ್ನು ನಾವು ಕಾಣುತ್ತಲೇ ಇರುತ್ತೇವೆ. ಕೆಲವು ಔಷಧಗಳ ವಿಷಯದಲ್ಲಿ ಈ ತರ್ಕ ಪ್ರಾಣಕ್ಕೇ ಎರವಾಗಬಲ್ಲುದು.

ಭಯ, ಶ್ರಮ, ಕೋಪಗಳೊದಗಿದಾಗ ನಮ್ಮ ದೇಹದಲ್ಲಿ ಅಡ್ರಿನಾಲಿನ್ ಹೆಚ್ಚಾಗಿ ಸ್ರವಿಸುತ್ತದೆ. ಹೃದಯದ ಜೀವಕೋಶಗಳ ಮೇಲಿರುವ ‘ಬೀಟಾ ಗ್ರಾಹಕ’ಗಳೆಂಬ ಅಣುಗಳಿಗೆ ಅದು ಅಂಟಿಕೊಂಡೊಡನೆ ಬಡಿತ ಚುರುಕಾಗುತ್ತದೆ, ಹೃದಯಕ್ಕೆ ಬೇಕಾಗುವ ಆಮ್ಲಜನಕವೂ ಹೆಚ್ಚುತ್ತದೆ. ಹೃದಯದ ರಕ್ತನಾಳಗಳು ಕಿರಿದಾಗಿದ್ದರೆ ಅಷ್ಟು ಆಮ್ಲಜನಕ ಒದಗದು. ಆಗ ಏಳುವ ನೋವೇ ಹೃದಯಶೂಲೆ. ಆಮ್ಲಜನಕದ ಪೂರೈಕೆಯನ್ನು ಹೆಚ್ಚಿಸುವ ಬದಲು ಹೃದಯದ ದುಡಿಮೆಯನ್ನೇ ತಗ್ಗಿಸಬಾರದೇಕೆ ಎಂದು ಯೋಚಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಅದರ ಫಲವಾದ ಪ್ರೊಪ್ರನಲಾಲ್ 1960ರ ದಶಕದಲ್ಲಿ ಬಳಕೆಗೆ ಬಂದಿತು. 1988ರ ನೊಬೆಲ್ ಪಾರಿತೋಷಕದಲ್ಲಿ ಅವರೂ ಪಾಲು ಪಡೆದರು. ಇಂದು ಅನೇಕರು ಸೇವಿಸುವ ಅಟೆನಲಾಲ್, ಮೆಟೊಪ್ರೊಲಾಲ್‌ಗಳು ಇದೇ ಮನೆತನದವು.

ಈ ಔಷಧಗಳು ಗ್ರಾಹಕಗಳನ್ನು ಮುಚ್ಚಿಡುತ್ತವೆ. ದೇಹವಾದರೋ ಸುಮ್ಮನಿರುವುದಿಲ್ಲ, ದಿನಕಳೆದಂತೆ ಗ್ರಾಹಕಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಅವೆಲ್ಲವೂ ತೆರವಾಗಿ, ಎಂದಿನಷ್ಟೇ ಅಡ್ರಿನಾಲಿನ್ನಿಗೂ ಹೃದಯ ಓಟ ಕೀಳುತ್ತದೆ. ಒತ್ತಡ ಏರಬಹುದು, ಶೂಲೆ ಮೊದಲಿಗಿಂತ ಉಗ್ರವಾಗಿ ಮರಳಬಹುದು, ಹೃದಯಾಘಾತವೂ ಆದೀತು. ಊರಿಗೆ ಹೋದಾಗ ಗುಳಿಗೆ ತೀರಿಹೋದರೂ ಅಪಾಯ ಇದೇ. ಬಿಡಲೇಬೇಕಾದಾಗ ವೈದ್ಯರು ಪ್ರಮಾಣವನ್ನು ಕೆಲವು ವಾರಗಳಲ್ಲಿ ಮೆಲ್ಲಮೆಲ್ಲನೆ ಇಳಿಸುತ್ತಾರೆ.

ಉಬ್ಬಸವುಳ್ಳವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಶ್ವಾಸನಾಳಗಳಲ್ಲಿಯೂ ಬೀಟಾ ಗ್ರಾಹಕಗಳಿವೆ. ಅವು ಮುಚ್ಚಿದರೆ ನಾಳಗಳು ಬಿಗಿದು ಉಸಿರಾಟವೇ ಕಷ್ಟವಾದೀತು.