ಮಗ್ಗದ ಚಕ್ರ, ಸೊಂಟದ ಕೀಲು

ಇಂಗ್ಲೆಂಡಿನ ವಿಗನ್ ಪಟ್ಟಣದ ಹತ್ತಿರ, ಕ್ಷಯರೋಗಿಗಳಿಗೆಂದು ಕಟ್ಟಿದ ರೈಟಿಂಗ್ಟನ್ ಆಸ್ಪತ್ರೆ ಇದೆ. ಒಳ್ಳೆಯ ಔಷಧ ಬಂದು ಕ್ಷಯ ಹಿಮ್ಮೆಟ್ಟಿದ ಮೇಲೆ ಅಲ್ಲಿ ಸೊಂಟದ ಕೀಲು ಬದಲಿಸುವ ಕೆಲಸ ಹಿಡಿದವರು ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ.

ಅವರ ತಲೆ ಹೊಕ್ಕಿದ್ದು ಒಂದು ಸದ್ದು. ಅಕ್ರಿಲಿಕ್ ಕೀಲು ಹಾಕಿಸಿಕೊಂಡಿದ್ದ ರೋಗಿಯೊಬ್ಬ ಊಟದ ಮೇಜಿನತ್ತ ಬಾಗಿದರೆ ಸೊಂಟ ಕಿರ್ರೆನ್ನುತ್ತಿತ್ತು. ಆ ಸದ್ದು ತಾಳಲಾರದೆ ಹೆಂಡತಿ ಎದ್ದು ಹೋಗುತ್ತಿದ್ದಳಂತೆ! ಘರ್ಷಣೆಯೇ ಇದರ ಮೂಲವೆಂದು ಬಗೆದ ಚಾರ್ನ್‌ಲಿ, ಜಾರುವ ಟೆಫ್ಲಾನ್‌ನಿಂದ ಕೀಲಿನ ಬಟ್ಟಲು ಮಾಡಿಸಿ ಸುಮಾರು 300 ಮಂದಿಗೆ ಹಾಕಿದರು. ಎರಡು-ಮೂರು ವರ್ಷಗಳಲ್ಲೇ ಅವು ಸವೆದು, ಉದುರಿದ ಪುಡಿಗೆ ಸುತ್ತಲ ಅಂಗಾಂಶ ಕೆಟ್ಟಿತು. ಬಹುತೇಕ ಎಲ್ಲವನ್ನೂ ತೆಗೆಯಬೇಕಾಯಿತು.

1962ರಲ್ಲಿ ಪ್ಲಾಸ್ಟಿಕ್ ಮಾರುವವನೊಬ್ಬ ಬಂದ. ಅವನ ಕೈಲಿದ್ದದ್ದು ಲ್ಯಾಂಕಾಶೈರಿನ ಮಗ್ಗಗಳ ಹಲ್ಲುಚಕ್ರಕ್ಕೆ ಬಳಸುವ ಪಾಲಿಎಥಿಲೀನ್. ಚಾರ್ನ್‌ಲಿ ಅದನ್ನು ಉಗುರಿನಿಂದ ಕೆರೆದು ನೋಡಿ, ಪರೀಕ್ಷಿಸುವುದು ದಂಡ ಎಂದುಬಿಟ್ಟರು. ತಂತ್ರಜ್ಞ ಹ್ಯಾರಿ ಕ್ರೇವನ್ ಕಿವಿಗೊಡಲಿಲ್ಲ. ಒಡೆಯರು ಕೋಪನ್‌ಹೇಗನ್‌ಗೆ ಹೋಗಿದ್ದಾಗ ಯಂತ್ರಕ್ಕೆ ಹಾಕಿ ಉಜ್ಜಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟು ಇದು ಮೂರು ವಾರವಾದರೂ ಸವೆದಿರಲಿಲ್ಲ. ಅದೇ ನವೆಂಬರಿನಲ್ಲಿ ಹೊಸ ಬಟ್ಟಲು ರೋಗಿಯ ಸೊಂಟ ಸೇರಿತು.

ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಆಗಿನ್ನೂ ಹದಿನಾಲ್ಕು ವರ್ಷ. ಮುಂದೆ ಕೀಲು ಬದಲಾವಣೆ ಅದರ ನಿತ್ಯದ ಕೆಲಸವೇ ಆಯಿತು. 2003ರಲ್ಲಿ ರಾಷ್ಟ್ರೀಯ ಕೀಲು ದಾಖಲೆ ಶುರುವಾಯಿತು. ಕೋವಿಡ್‌ಗೆ ಮುನ್ನ, ಖಾಸಗಿಯೂ ಸೇರಿ, ವರ್ಷಕ್ಕೆ ಸುಮಾರು ಒಂದು ಲಕ್ಷ ಸೊಂಟದ ಕೀಲುಗಳು ಅದರಲ್ಲಿ ದಾಖಲಾಗುತ್ತಿದ್ದವು. 2020ರಲ್ಲಿ ಲೆಕ್ಕ ಅರ್ಧದ ಆಸುಪಾಸಿಗೆ ಕುಸಿಯಿತು. ಬಿದ್ದು ಸೊಂಟ ಮುರಿದುಕೊಂಡ ಮುದುಕರು ಮಾತ್ರ ವರ್ಷಕ್ಕೆ ಸುಮಾರು 70 ಸಾವಿರದಂತೆ ಬರುತ್ತಲೇ ಇದ್ದಾರೆ. ಅವರಿಗೆ 36 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ಮುರಿದ ಮೂಳೆ ಕಾಯದು. ಸವೆದ ಕೀಲಿನವರನ್ನು ಕಾಯಿಸಬಹುದು. ಚಳಿಗಾಲದಲ್ಲಿ ತುರ್ತು ರೋಗಿಗಳು ಹಾಸಿಗೆ ತುಂಬಿದಾಗ ಮುಂದಕ್ಕೆ ಹೋಗುವುದು ಇವರ ತಾರೀಖೇ. ಎಲ್ಲ ವಿಭಾಗಗಳಿಗಿಂತ ಉದ್ದದ ಸರದಿ ಮೂಳೆ ವಿಭಾಗದ್ದು.

ನನಗೆ ರೇಗುವುದು ಇಲ್ಲೇ. ಅಪಘಾತದ ಗದ್ದಲದಿಂದ ದೂರ, ಒಂದೇ ಕೆಲಸ, ಪಳಗಿದ ಒಂದೇ ತಂಡ, ಸೋಸಿದ ಗಾಳಿಯ ಕೊಠಡಿ: ಚಾರ್ನ್‌ಲಿ 1960ರ ದಶಕದಲ್ಲೇ ಇದನ್ನು ಮಾಡಿ ತೋರಿಸಿ, ಸೋಂಕನ್ನು ಕ್ರಮೇಣ ಶೇ 1ರ ಕೆಳಕ್ಕೆ ಇಳಿಸಿದ್ದರು. ಅವರ ಕೀಲನ್ನು ಜಗತ್ತೆಲ್ಲ ಕೊಂಡಿತು. ಪ್ರತ್ಯೇಕ ಜಾಗದ ಪಾಠವನ್ನು ಅವರದೇ ದೇಶ ಬದಿಗಿಟ್ಟಿತು. ಈಗ 'ಸರ್ಜಿಕಲ್ ಹಬ್' ಎಂಬ ಹೊಸ ಹೆಸರಿನಲ್ಲಿ ಅದನ್ನೇ ಕಟ್ಟುತ್ತಿದ್ದಾರೆ. ತಡವಾದ ಈ ಬುದ್ಧಿಯ ಬೆಲೆಯನ್ನು ಕುಂಟುತ್ತ ತೆತ್ತವರು ಸರದಿಯಲ್ಲಿ ನಿಂತವರು.